ಕರುಳಿನ ಆಪರೇಷನ್ ಆದ ಕೂಸಿಗೆ ಇಜಿಜಿ ಮಾಡಿಸಲು ಬೆಂಗಳೂರಿಗೆ ಹೋಗಬೇಕಾ?

ಕರುಳಿನ ಆಪರೇಷನ್ ಆದ ಮೇಲೂ ಕೂಸು ಹಾಲು ಕಕ್ಕುತ್ತದೆ, ಇಜಿಜಿ (ಜಠರದ ವಿದ್ಯುತ್ ಅಲೆ ನೋಡುವ ಪರೀಕ್ಷೆ) ಮಾಡಿಸಲು ಬೆಂಗಳೂರಿಗೆ ಹೋಗಬೇಕಾ ಅಂತ ಕೇಳಿ ಬರೆದಿದ್ದೀರಿ. ನನ್ನ ಮಗನಿಗೂ ಹೀಗೇ ಆಗಿತ್ತು.

ಗಂಗಾವತಿಯ ತವರಲ್ಲಿ ಬಾಣಂತನದಲ್ಲಿದ್ದೆ. ಒಂದು ಸಂಜೆ ಕೂಸು ಹಸಿರು ಕಕ್ಕಿತು. ಅರೆದ ಮೆಂತ್ಯ ಸೊಪ್ಪಿನ ಹಸಿರು, ಜೋಳಿಗೆಯ ಸೀರೆಗೆಲ್ಲ ಹತ್ತಿತ್ತು. ಬಜೆ ತೇಯ್ದು ನೆಕ್ಕಿಸಿದರೆ ಹೋಗುತ್ತದೆ ಅಂದಳು ಅವ್ವ. ನಾನೂ ಹೂಂ ಅಂದೆ. ನಮ್ಮ ತಪ್ಪು ಅದೇ. ಜ್ವರ ಇರಲಿಲ್ಲ, ಹೊಟ್ಟೆ ಮೆತ್ತಗಿತ್ತು, ಅದಕ್ಕೇ ಸುಮ್ನಿದ್ದೆವು. ಕರುಳು ತಿರುಚಿಕೊಂಡಾಗ ಮೊದಮೊದಲು ಹೊಟ್ಟೆ ಮೆತ್ತಗೇ ಇರಬಹುದಂತೆ. ಆ ಹಸಿರು ಅಂದರೆ ಪಿತ್ತರಸ, ಅದು ಬಂದು ಸೇರುವುದು ಜಠರ ದಾಟಿದ ಮೇಲೆ, ಸಣ್ಣ ಕರುಳಿಗೆ. ಅದು ಬಾಯಿಗೆ ಬಂತೆಂದರೆ ಕೆಳಗೆ ದಾರಿ ಕಟ್ಟಿರಬಹುದು. ತಿರುಚಿದ ಕರುಳಿಗೆ ರಕ್ತ ಹೋಗಲ್ಲ, ಗಂಟೆಗಳಲ್ಲೇ ಆ ಕರುಳು ಸಾಯುತ್ತದೆ. ನಾವು ಬೆಳಗಾದ ಮೇಲೆ ಕಂಪ್ಲಿ ದಾಟಿ ಬಳ್ಳಾರಿಗೆ ಹೋದೆವು. ಅಷ್ಟರಲ್ಲಿ ಒಂದಿಷ್ಟು ಕರುಳು ಕಪ್ಪಾಗಿತ್ತು, ಕತ್ತರಿಸಿ ತೆಗೆದರು. ರಾತ್ರಿಯೇ ಹೊರಟಿದ್ದರೆ ಆ ಕರುಳು ಉಳಿಯುತ್ತಿತ್ತು ಅಂತ ಇವತ್ತಿಗೂ ಅನಿಸುತ್ತದೆ.

ಇಜಿಜಿ ಅವನಿಗೆ ಆಮೇಲೆ ಮಾಡಿಸಿದೆವು. ಹೊಟ್ಟೆ ಮೇಲೆ ಎಲೆಕ್ಟ್ರೋಡ್ ಅಂಟಿಸುತ್ತಾರೆ, ಸೂಜಿ ಇಲ್ಲ, ನೋವಿಲ್ಲ. ಜಠರದ ವಿದ್ಯುತ್ ಅಲೆ ನಿಮಿಷಕ್ಕೆ ಸುಮಾರು 3 ಸಲ ಬರಬೇಕು. ಹಾಲು ಕುಡಿಸುವ ಮುಂಚೆ, ಕುಡಿಸಿದ ಮೇಲೆ, ಎರಡೂ ಹೊತ್ತು ನೋಡುತ್ತಾರೆ. ಕೂಸು ಅತ್ತರೂ ಒದ್ದರೂ ಯಂತ್ರ ಬರೆಯುವ ಅಲೆಯ ಗೆರೆ ಕೆಡುತ್ತದೆ. ನನ್ನ ಮಗ ಒದ್ದಿದ್ದೇ ಜಾಸ್ತಿ, ನಿದ್ದೆ ಹೋದಾಗ ಸಿಕ್ಕಷ್ಟು ಗೆರೆಯನ್ನು ಓದಿದರು. ತಿಂಗಳು ತುಂಬದೆ ಹುಟ್ಟಿದ ಮಕ್ಕಳಲ್ಲಿ ಆ ಲಯ ಇನ್ನೂ ಬಲಿತಿರುವುದಿಲ್ಲ, ಹಾಗಾಗಿ ಓದುವುದು ಇನ್ನೂ ಕಷ್ಟ. ಅಮೆರಿಕದ ಡಾಕ್ಟರ್ ಆಲ್ವಾರೆಜ್ 1922ರಲ್ಲೇ ಇದರ ಬಗ್ಗೆ ಬರೆದಿದ್ದರು. ಇಷ್ಟು ಹಳೆಯದಾದರೂ ದಾರಿ ಎಲ್ಲಿ ಕಟ್ಟಿದೆ ಅಂತ ಇದು ತೋರಿಸಲ್ಲ. ಅದಕ್ಕೆ ಎಕ್ಸ್‌ರೇ, ಸ್ಕ್ಯಾನಿಂಗೇ ಬೇಕು.

ಬೆಂಗಳೂರಿಗೆ ಹೋಗಬೇಕಾ ಅನ್ನುವುದು ಈಗ ಕೇಳುವ ಪ್ರಶ್ನೆಯೇ ಅಲ್ಲ. ಕಕ್ಕುವುದು ಯಾವ ಬಣ್ಣ ಅಂತ ನೀವು ಬರೆದೇ ಇಲ್ವಲ್ಲ! ಹಸಿರಿದ್ದರೆ ಇದನ್ನು ಓದುತ್ತಾ ಕೂರಬೇಡಿ, ಮಕ್ಕಳ ಸರ್ಜನ್ ಇರುವ ಹತ್ತಿರದ ಆಸ್ಪತ್ರೆಗೆ ಈಗಲೇ ಹೊರಡಿ. ಬಟ್ಟೆ ತೊಳೆಯಬೇಡಿ, ಹಾಗೇ ಒಯ್ದು ತೋರಿಸಿ. ಬರೀ ಹಾಲೇ ಬರುತ್ತಿದ್ದರೆ ಎಷ್ಟು ಕುಡಿಯಿತು, ಎಷ್ಟು ಕಕ್ಕಿತು, ತೂಕ ಏರಿತಾ ಅಂತ ಬರೆದಿಟ್ಟು, ಆಪರೇಷನ್ ಮಾಡಿದ ಡಾಕ್ಟರ ಮುಂದೆ ಇಡಿ. ಇಜಿಜಿ ಬಂದ ಮೇಲೆ ಔಷಧಿಯಲ್ಲಿ, ಹಾಲಿನ ಲೆಕ್ಕದಲ್ಲಿ ಏನು ಬದಲಾಗುತ್ತದೆ ಅಂತ ಕೇಳಿ. ಅವರು ಸರಿಯಾಗಿ ಬಿಡಿಸಿ ಹೇಳಿದರೆ ಮಾತ್ರ ಬಸ್ ಹತ್ತಿ.