ಹಳದಿ ಜ್ವರದ ಸೊಳ್ಳೆ: ಹೆಸರು ಫಿನ್ಲೇಗೋ, ರೀಡ್‌ಗೋ?

ಹಳದಿ ಜ್ವರ ಸೊಳ್ಳೆಯಿಂದ ಹರಡುತ್ತದೆ ಅಂತ ಕಂಡುಹಿಡಿದವರು ಯಾರು ಅಂದರೆ ಒಂದು ಪುಸ್ತಕದಲ್ಲಿ ಫಿನ್ಲೇ, ಇನ್ನೊಂದರಲ್ಲಿ ಅಮೆರಿಕದ ಸೇನಾ ವೈದ್ಯ ವಾಲ್ಟರ್ ರೀಡ್ ಅಂತ ಇರುವುದಕ್ಕೆ ಕಾರಣ ಇಷ್ಟೇ: ಹೇಳಿದವರು ಒಬ್ಬರು, ಸಾಬೀತು ಮಾಡಿದವರು ಇನ್ನೊಬ್ಬರು. ಇದರ ಬಗ್ಗೆ ಚಾರ್ಟ್ ಮಾಡುತ್ತಿದ್ದರೆ ಅದರಲ್ಲಿ ಮೊದಲು 1881 ಹಾಕಿ. ಕ್ಯೂಬಾದ ಹವಾನಾದಲ್ಲಿದ್ದ ವೈದ್ಯ ಕಾರ್ಲೋಸ್ ಫಿನ್ಲೇ ಆಗಲೇ ಸೊಳ್ಳೆಯತ್ತ ಬೆರಳು ತೋರಿಸಿದ್ದರು. ಜಾಸ್ತಿ ಜನ ನಂಬಲಿಲ್ಲ. ಅವರ ಪ್ರಯೋಗ ಯಾಕೆ ಕೈಕೊಟ್ಟಿತು ಅನ್ನೋದನ್ನು ಬಿಡಬೇಡಿ, ಸ್ವಾರಸ್ಯ ಇರುವುದೇ ಅಲ್ಲಿ. ರೋಗಿಯನ್ನು ಕಚ್ಚಿದ ಸೊಳ್ಳೆಯನ್ನು ಕೆಲವೇ ದಿನಗಳಲ್ಲಿ ಇನ್ನೊಬ್ಬರ ಮೇಲೆ ಬಿಟ್ಟರು. ಸೊಳ್ಳೆಯೊಳಗೆ ರೋಗ ಬಲಿಯಲು ಸುಮಾರು 12 ದಿನ ಬೇಕು!

ಆಮೇಲೆ 1900. ಫಿನ್ಲೇ ಕೊಟ್ಟ ಮೊಟ್ಟೆಗಳಿಂದ ಸೊಳ್ಳೆ ಬೆಳೆಸಿಯೇ ರೀಡ್ ತಂಡ ರೋಗ ಹರಡುವುದು ಸೊಳ್ಳೆಯೇ ಅಂತ ತೋರಿಸಿಕೊಟ್ಟಿತು. ತಂಡದ ಜೆಸ್ಸಿ ಲಾಜಿಯರ್ ಅದೇ ಜ್ವರದಿಂದ ತೀರಿಕೊಂಡರು. ಬೇಕೆಂದೇ ಕಚ್ಚಿಸಿಕೊಂಡರೋ, ಆಕಸ್ಮಿಕವೋ ಇವತ್ತಿಗೂ ಖಚಿತವಿಲ್ಲ. ಹಾಗಾಗಿ ಸುಮ್ನೆ ‘ತ್ಯಾಗ’ ಅಂತ ಬರೆಯಬೇಡಿ. ಲಸಿಕೆಗೆ ಒಂದು ಸಾಲು ಸಾಕು: ಮ್ಯಾಕ್ಸ್ ಥೈಲರ್, 17ಡಿ ಎಂಬ ಲಸಿಕೆ, 1937, ನೊಬೆಲ್ 1951.