ಒಂದೇ ಮಾಡೆಲ್, ಒಂದೇ ತೋಟಾ: ಗುಂಡಿನ ವೇಗ ಮಾತ್ರ ಬೇರೆ ಯಾಕೆ?

ನಿಮ್ಮ ಪ್ರಶ್ನೆ ಇಷ್ಟು, ಅಲ್ವಾ? ನಿಮ್ಮದೂ ನಿಮ್ಮ ಭಾವನದೂ ಒಂದೇ ಮಾಡೆಲ್ಲಿನ .32 ರಿವಾಲ್ವರ್. ಒಂದೇ ಡಬ್ಬಿಯ ತೋಟಾ ಹಾಕಿ ಕ್ರೋನೋಗ್ರಾಫ್ (ಗುಂಡಿನ ವೇಗ ಅಳೆಯುವ ಯಂತ್ರ) ಮೇಲೆ ಹೊಡೆದರೆ ಭಾವನ ಗುಂಡು ಸೆಕೆಂಡಿಗೆ 40 ಅಡಿಯಷ್ಟು ಜಾಸ್ತಿ ತೋರಿಸುತ್ತಿದೆ. ನಿಮ್ಮ ಬ್ಯಾರೆಲ್ ಕೆಟ್ಟಿದೆಯಾ?

ಕೆಟ್ಟಿರುವ ಸಾಧ್ಯತೆ ಕಮ್ಮಿ. ಪಿಸ್ತೂಲು, ರಿವಾಲ್ವರುಗಳಲ್ಲಿ 30ರಿಂದ 50 ಅಡಿ ಹೆಚ್ಚುಕಮ್ಮಿ ಆಗುವುದು ಮಾಮೂಲು. ನಾನೂ ವಿರಾಜಪೇಟೆ ಕಡೆಯವನೇ. ನಮ್ಮಲ್ಲಿ ಕೊಡವರಿಗೆ, ಜಮ್ಮಾ (ವಂಶಪಾರಂಪರ್ಯದ) ಭೂಮಿಯ ಹಿಡುವಳಿದಾರರಿಗೆ ಲೈಸೆನ್ಸ್ ವಿನಾಯಿತಿ ಇರುವುದರಿಂದ ಮನೆಯಲ್ಲಿ ಕೋವಿ ಇರುವುದು ದೊಡ್ಡ ವಿಷಯವೇ ಅಲ್ಲ. ಕೈಲ್‌ಮುಹೂರ್ತಕ್ಕೆ ಹೊರಗೆ ತೆಗೆದು, ಹೂ ಮುಡಿಸಿ, ಪೂಜೆ ಮಾಡಿ ಒಳಗಿಡುತ್ತಿದ್ದ ಕಾಲದಲ್ಲಿ ಈ ತಲೆನೋವು ಯಾರಿಗೂ ಇರಲಿಲ್ಲ. ಕ್ರೋನೋಗ್ರಾಫ್ ಬಂದಮೇಲೆ ಶುರುವಾಗಿದ್ದು.

ಮೊದಲು ಡಬ್ಬಿಯ ಮೇಲಿನ ವೇಗದ ಅಂಕಿ ಮರೆತುಬಿಡಿ. .32 ಲಾಂಗ್ ತೋಟಾಕ್ಕೆ, 98 ಗ್ರೇನ್ (ಗುಂಡು ತೂಗುವ ಅಳತೆ) ತೂಕದ ಸೀಸದ ಗುಂಡಿಗೆ, ಸಾಧಾರಣವಾಗಿ ಸೆಕೆಂಡಿಗೆ 705 ಅಡಿ ಅಂತ ಹೇಳುತ್ತಾರೆ. ಅದು 4 ಇಂಚಿನ ಬ್ಯಾರೆಲ್ಲಿನ ಲೆಕ್ಕ. ಗಿಡ್ಡ ಬ್ಯಾರೆಲ್ಲಿನಲ್ಲಿ ಅಷ್ಟು ಬರದಿದ್ದರೆ ತೋಟಾ ಕಳಪೆ ಅಂತಲ್ಲ. ಆದರೆ ನಿಮ್ಮಿಬ್ಬರ ಬ್ಯಾರೆಲ್ ಉದ್ದವೂ ಒಂದೇ. ಹಾಗಾಗಿ ಕಾರಣ ಬೇರೆ ಕಡೆ ಇದೆ.

ರಿವಾಲ್ವರಿನಲ್ಲಿ ನಾನು ಮೊದಲು ನೋಡುವ ಜಾಗ, ತೋಟಾ ತುಂಬುವ ತಿರುಗುವ ಸಿಲಿಂಡರಿಗೂ ಬ್ಯಾರೆಲ್ಲಿಗೂ ನಡುವಿನ ಸಂದು. ತೋಟಾ ಎಲ್ಲ ತೆಗೆದು, ಎರಡು ಸಲ ಖಾಲಿ ಅಂತ ಖಾತ್ರಿ ಮಾಡಿಕೊಂಡು, ಬೆಳಕಿಗೆ ಅಡ್ಡ ಹಿಡಿಯಿರಿ. ಒಂದು ಬಿಳಿ ಗೆರೆ ಕಾಣುತ್ತದೆ. ಪ್ರತಿ ಗುಂಡಿಗೂ ಮದ್ದಿನ ಗ್ಯಾಸ್ ಅಲ್ಲಿಂದ ಸೋರುತ್ತದೆ. ಅದರ ನೇರಕ್ಕೆ, ಸಿಲಿಂಡರಿನ ಮೇಲೆ ಹಾಯುವ ಚೌಕಟ್ಟಿನಲ್ಲಿ ಕರಿ ಗೀಟು ಬಿದ್ದಿರುವುದು ಅದಕ್ಕೇ. ಬೈಕ್ ಮೆಕ್ಯಾನಿಕ್ ಟ್ಯಾಪೆಟ್ ಸೆಟ್ ಮಾಡುವ ಫೀಲರ್ ಗೇಜ್ ಸಾಕು. ಸಿಲಿಂಡರನ್ನು ಹಿಂದಕ್ಕೆ ಒತ್ತಿ ಹಿಡಿದು ಗೇಜಿನ ತೆಳು ಪಟ್ಟಿ ಸಂದಿಗೆ ತೂರಿಸಿ ನೋಡಿ. 0.1ರಿಂದ 0.2 ಮಿಲಿಮೀಟರ್ ಇದ್ದರೆ ಸರಿಯಾಗಿದೆ ಅಂತಲೇ ಅರ್ಥ. ಆದರೆ ಭಾವನದು 0.1, ನಿಮ್ಮದು 0.2 ಆಗಿದ್ದರೆ ನಿಮ್ಮ 40 ಅಡಿಯಲ್ಲಿ ದೊಡ್ಡ ಪಾಲು ಅಲ್ಲೇ ಹೋಯಿತು.

ಇನ್ನೊಂದು ಜಾಗ, ಸಿಲಿಂಡರಿನಲ್ಲಿ ತೋಟಾ ಕೂರುವ ಪ್ರತಿ ಮನೆಯ ಮುಂದಿನ ಬಾಯಿ. ಹೆಸರಲ್ಲಿ .32 ಇದ್ದರೂ ಗುಂಡಿನ ನಿಜವಾದ ಅಡ್ಡಳತೆ ಸುಮಾರು 0.313 ಇಂಚು. ಮದ್ದಿಲ್ಲದ ಒಂದು ಬಿಡಿ ಸೀಸದ ಗುಂಡನ್ನು ಆರೂ ಮನೆಗಳಲ್ಲಿ ತೂರಿಸಿ ನೋಡಿ. ಒಂದರಲ್ಲಿ ಬೆರಳು ಬಿಟ್ಟ ಕೂಡಲೇ ಜಾರಿ ಬೀಳುತ್ತದೆ. ಪಕ್ಕದ್ದರಲ್ಲಿ ಪೆನ್ಸಿಲ್ ಹಾಕಿ ತಳ್ಳಬೇಕು. ಸಡಿಲ ಇರುವಲ್ಲಿ ಗ್ಯಾಸ್ ಗುಂಡಿನ ಪಕ್ಕದಿಂದಲೇ ಮುಂದೆ ನುಗ್ಗುತ್ತದೆ, ಒತ್ತಡ ಏರುವುದಿಲ್ಲ. ಅಂದರೆ ನಿಮ್ಮ ಒಂದು ರಿವಾಲ್ವರಿನೊಳಗೇ ಆರು ಬೇರೆ ಬೇರೆ ವೇಗಗಳಿವೆ. ಭಾವನ ಜೊತೆ ಹೋಲಿಸುವ ಮೊದಲು ಯಾವ ಮನೆಯಿಂದ ಎಷ್ಟು ಬಂತು ಅಂತ ಬರೆದುಕೊಳ್ಳಿ. ಮಜಾ ಬರುತ್ತದೆ.

ಪಿಸ್ತೂಲಿನಲ್ಲಿ ಈ ಸಂದು ಇಲ್ಲ, ಆದರೂ ವ್ಯತ್ಯಾಸ ಬರುತ್ತದೆ. ಚೇಂಬರ್ (ಬ್ಯಾರೆಲ್ಲಿನ ಹಿಂದೆ ತೋಟಾ ಕೂರುವ ಜಾಗ) ಕೊರೆಯುವ ರೀಮರ್ ಅನ್ನುವ ಉಪಕರಣ ಹೊಸದಿದ್ದಾಗ ಸ್ವಲ್ಪ ದಪ್ಪ. ಮಸೆದು ಮಸೆದು ಸಣ್ಣದಾಗುತ್ತದೆ. ಹಾಗಾಗಿ ಒಂದೇ ರೀಮರ್‌ನಿಂದ ಮೊದಲು ಬಂದ ಬ್ಯಾರೆಲ್ಲಿನ ಚೇಂಬರ್ ದೊಡ್ಡದು, ಕೊನೆಗೆ ಬಂದದ್ದು ಬಿಗಿ. ಎರಡೂ ಇನ್‌ಸ್ಪೆಕ್ಷನ್ ಪಾಸಾಗುತ್ತವೆ. ಚೇಂಬರ್ ದಾಟಿ ಬ್ಯಾರೆಲ್ಲಿನೊಳಗಿನ ಸುರುಳಿ ಗೀರು (ರೈಫ್ಲಿಂಗ್) ಹಿಡಿಯುವವರೆಗೆ ಗುಂಡು ಎಷ್ಟು ದೂರ ಹಾರಬೇಕು ಅನ್ನುವುದೂ ಮುಖ್ಯ. ದೂರ ಜಾಸ್ತಿಯಾದಷ್ಟೂ ಒತ್ತಡ ನಿಧಾನಕ್ಕೆ ಏರುತ್ತದೆ. ಇಂಥ ಕಾರಣಗಳಿಗೇ ಕೆಲವೊಮ್ಮೆ ಗಿಡ್ಡ ಬ್ಯಾರೆಲ್ ಉದ್ದ ಬ್ಯಾರೆಲ್ಲನ್ನು ಹಿಂದೆ ಹಾಕುವುದು.

"ಒಳಗೆ ಪಾಲಿಶ್ ಮಾಡಿಸಿದರೆ ಸ್ಪೀಡ್ ಬರುತ್ತೆ" ಅಂತ ಯಾರಾದರೂ ಹೇಳಿದರೆ ನಂಬಬೇಡಿ. ತಡೆ ಕಮ್ಮಿಯಾದರೆ ಒತ್ತಡವೂ ಇಳಿಯುತ್ತದೆ, ಮದ್ದು ನಿಧಾನಕ್ಕೆ ಉರಿಯುತ್ತದೆ. ಮಾಲಿಬ್ಡಿನಮ್ ಲೇಪದ ಜಾರು ಗುಂಡುಗಳು ಅದೇ ಮದ್ದಿಗೆ ಎಷ್ಟೋ ಸಲ ನಿಧಾನವಾಗುವುದೂ ಹೀಗೇ. ತುಕ್ಕಿನ ಕಥೆ ಬೇರೆ. ನಮ್ಮ ಮಳೆಗಾಲದಲ್ಲಿ ಚರ್ಮದ ಚೀಲದಲ್ಲಿಟ್ಟರೆ ತೇವ ಹಿಡಿದು ಗುಳಿ ಬೀಳುತ್ತದೆ, ಸೀಸ ಅಲ್ಲೇ ಮೆತ್ತಿಕೊಳ್ಳುತ್ತದೆ. ಚೀಲದಿಂದ ತೆಗೆದು, ಎಣ್ಣೆ ಹಚ್ಚಿಡಿ. ಹೊಡೆಯುವ ಮೊದಲು ಆ ಎಣ್ಣೆ ಒರೆಸಿ.

ಅಷ್ಟಕ್ಕೂ ನೀವು ಅಳೆದ ರೀತಿ ಸರಿಯಾ? .32 ಲಾಂಗ್‌ನಲ್ಲಿ ಮದ್ದು ಕೊಂಚವೇ ಇರುವುದರಿಂದ ತೋಟಾದೊಳಗೆ ಖಾಲಿ ಜಾಗ ಉಳಿಯುತ್ತದೆ. ಮೂತಿ ಕೆಳಗಿಟ್ಟುಕೊಂಡು ಎತ್ತಿ ಹೊಡೆದರೆ ಮದ್ದು ಗುಂಡಿನ ಕಡೆ ಸರಿದಿರುತ್ತದೆ, ವೇಗ ಇಳಿಯುತ್ತದೆ. ಮೂತಿ ಮೇಲಿದ್ದು ಇಳಿಸಿ ಹೊಡೆದರೆ ಮದ್ದು ಹಿಂದೆ, ಕಿಡಿ ಕೊಡುವ ಪ್ರೈಮರ್ ಕಡೆ ಇರುತ್ತದೆ, ವೇಗ ಏರುತ್ತದೆ. ನೀವು ಒಂದು ಥರ, ಭಾವ ಇನ್ನೊಂದು ಥರ ಎತ್ತಿದ್ದರೆ ಬ್ಯಾರೆಲ್ಲನ್ನು ಸುಮ್ನೆ ಬೈದಂತಾಯಿತು. ಇಬ್ಬರದ್ದನ್ನೂ ಒಬ್ಬರೇ ಹೊಡೆಯಿರಿ. ದೂರ ಒಂದೇ ಇರಲಿ. ನಿಮ್ಮದೊಂದು, ಅವರದೊಂದು ಅಂತ ಸರದಿ ಮೇಲೆ ಹೊಡೆಯಿರಿ. ಮೂರ್ನಾಲ್ಕು ಗುಂಡಿಗೆ ತೀರ್ಪು ಕೊಡಬೇಡಿ.

ಸಂದು 0.25 ಮಿಲಿಮೀಟರ್ ದಾಟಿದ್ದರೆ, ಇಲ್ಲವೇ ಪಕ್ಕದಲ್ಲಿ ನಿಂತವರಿಗೆ ಸೀಸದ ಚೂರು ಸಿಡಿಯುತ್ತಿದ್ದರೆ, ಲೈಸೆನ್ಸ್ ಇರುವ ರಿಪೇರಿಯವರಿಗೆ ತೋರಿಸಿ. ಇಲ್ಲದಿದ್ದರೆ ಹಾಗೇ ಬಿಡಿ. ಒಂದು ನೆನಪಿರಲಿ: ನಿಧಾನದ ಗುಂಡು ಬ್ಯಾರೆಲ್ಲಿನೊಳಗೆ ಹೆಚ್ಚು ಹೊತ್ತು ಇರುತ್ತದೆ, ಅಷ್ಟರಲ್ಲಿ ಮೂತಿ ಮೇಲೇಳುತ್ತದೆ. ಹಾಗಾಗಿ 25 ಮೀಟರಿನಲ್ಲಿ ನಿಮ್ಮ ಗುಂಡು ಭಾವನದಕ್ಕಿಂತ ಸ್ವಲ್ಪ ಮೇಲೆ ಬಿದ್ದರೆ ಆಶ್ಚರ್ಯ ಬೇಡ. ಸೈಟ್ ಹೊಂದಿಸಲು ಬರದ ಮಾಡೆಲ್ ಆದರೆ ಗುರಿಯನ್ನೇ ಒಂಚೂರು ಕೆಳಗೆ ಹಿಡಿಯಿರಿ.