ವಾಕಿಂಗ್‌ಗೆ ಅಂತ ಹೊರಗ ಹೋಗಾಕ ಆಗೂದಿಲ್ಲ, ಏನು ಮಾಡ್ಲಿ?

ಪ್ರಶ್ನೆ: ನನಗ 54 ವರ್ಷ. ವಿಜಯಪುರದಾಗ ಇರ್ತೀವಿ. ಶುಗರ್ ಐತಿ, ಗುಳಿಗಿ ತಗೋತೀನಿ. ಎರಡೂ ಮೊಣಕಾಲು ನೋಯ್ತಾವ. ಡಾಕ್ಟರು ಪ್ರತಿ ಸಲ ‘ವಾಕಿಂಗ್ ಮಾಡ್ರಿ’ ಅಂತಾರ. ಮುಂಜಾನೆ ನೀರು, ನಾಷ್ಟಾ, ಡಬ್ಬಿ, ಮೊಮ್ಮಗನ ಸಾಲಿ ಅಂತ ಪುರಸೊತ್ತ ಸಿಗೂದಿಲ್ಲ. ಸಂಜೀಕ ಒಬ್ಬಾಕಿನ ಅಡ್ಡಾಡಾಕ ಹೋದರ ಓಣಿ ಮಂದಿ ‘ಎಲ್ಲಿ ಹೊಂಟ್ರಿ?’ ಅಂತ ಕೇಳ್ತಾರ, ಸಂಕೋಚ ಆಗ್ತೈತಿ. ದಿನಾ ಮನಿ ಕೆಲಸ ಮಾಡ್ತೀನಲ್ಲ, ಅದು ಸಾಲೂದಿಲ್ಲೇನು? ನಡದರ ಮೊಣಕಾಲು ಇನ್ನೂ ಸವೀತಾವ ಅಂತ ನಮ್ಮ ನೆಗೆಣ್ಣಿ ಹೇಳ್ತಾಳ. ಖರೇ ಏನ್ರಿ?

ಉತ್ತರ (ಫಿಸಿಯೋಥೆರಪಿಸ್ಟ್): ಅಕ್ಕಾರ, ಮೊದಲು ಮೊಣಕಾಲಿನ ಮಾತು. ನಿಮ್ಮ ನೆಗೆಣ್ಣಿಯವರು ಹೇಳಿದ್ದು ಖರೇ ಅಲ್ಲ. ಕೀಲಿನೊಳಗೆ ಎಲುಬಿನ ತುದಿಗೆ ಮೆತ್ತೆಯಂತೆ ಇರುವ ಮೃದ್ವಸ್ಥಿಗೆ ರಕ್ತನಾಳಗಳೇ ಇಲ್ಲ. ಕಾಲು ಮಡಚಿ ಚಾಚಿದಾಗ ಸುತ್ತಲಿನ ದ್ರವ ಒಳಗೆ ಹೊರಗೆ ಆಡುತ್ತದಲ್ಲ, ಅದರಿಂದಲೇ ಅದಕ್ಕೆ ಪೋಷಣೆ. ಸುಮ್ಮನೆ ಕೂತರೆ ಆ ಪೋಷಣೆ ಕಡಿಮೆಯಾಗುತ್ತದೆ, ತೊಡೆಯ ಸ್ನಾಯುವೂ ಸೊರಗುತ್ತದೆ. ಆಮೇಲೆ ಮೈಭಾರವೆಲ್ಲ ಕೀಲಿನ ಮೇಲೇ ಬೀಳುತ್ತದೆ. ನಡೆಯುವಾಗ ತುಸು ನೋವು ಬಂದು ಮರುದಿನ ಮುಂಜಾನೆಯೊಳಗೆ ಇಳಿದರೆ ಹೆದರಬೇಡಿ. ಮರುದಿನ ನೋವು ಹೆಚ್ಚಾಗಿದ್ದರೆ, ಬಾವು ಕಂಡರೆ, ನಡೆಯುವುದನ್ನು ಅರ್ಧಕ್ಕೆ ಇಳಿಸಿ, ಪೂರ್ತಿ ನಿಲ್ಲಿಸಬೇಡಿ. ಮೈತೂಕ ಒಂದು ಕಿಲೋ ಇಳಿದರೂ ಪ್ರತಿ ಹೆಜ್ಜೆಗೆ ಮೊಣಕಾಲಿನ ಮೇಲೆ ಬೀಳುವ ಭಾರ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ.

ಮನೆಗೆಲಸ ಲೆಕ್ಕಕ್ಕಿಲ್ಲ ಎಂದು ನಾನು ಹೇಳುವುದಿಲ್ಲ. ಕಸ ಹೊಡೆಯುವುದು, ನೆಲ ಒರೆಸುವುದು ಒಳ್ಳೆಯ ವ್ಯಾಯಾಮವೇ. ಆದರೆ ಒಲೆ ಮುಂದೆ ತಾಸುಗಟ್ಟಲೆ ನಿಲ್ಲುವುದು, ಕೂತು ರೊಟ್ಟಿ ಬಡಿಯುವುದು, ಕುಕ್ಕರಗಾಲಲ್ಲಿ ಪಾತ್ರೆ ತಿಕ್ಕುವುದು, ಇವುಗಳಲ್ಲಿ ದಣಿವು ಬಹಳ, ನಡಿಗೆ ಕಡಿಮೆ. ದಿನವಿಡೀ ದುಡಿದ ಹೆಣ್ಣುಮಗಳಿಗೆ ‘ವ್ಯಾಯಾಮ ಮಾಡಂಗಿಲ್ಲ’ ಎಂದು ಬೈಯುವುದು ನನಗೆ ಸರಿ ಕಾಣುವುದಿಲ್ಲ. ನಿಮಗೆ ಬೇಕಾಗಿರುವುದು ಇನ್ನೊಂದು ಕೆಲಸವಲ್ಲ, ಈಗಿರುವ ಕೆಲಸಗಳಲ್ಲೇ ಹೊರಗಿನ ನಾಲ್ಕು ಹೆಜ್ಜೆ.

ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಚಟುವಟಿಕೆ ಹೇಳುತ್ತದೆ. ಒಮ್ಮೆಗೆ ಕನಿಷ್ಠ 10 ನಿಮಿಷವಾದರೂ ಇರಬೇಕು ಎಂದು ಹಿಂದೆ ಇದ್ದ ಷರತ್ತನ್ನು ಅದರಲ್ಲಿ ಕೈಬಿಟ್ಟಿದ್ದಾರೆ. ನಿಮ್ಮಂಥವರಿಗೆ ಇದು ದೊಡ್ಡ ಅನುಕೂಲ, ಯಾಕೆಂದರೆ ಬಿಡಿಬಿಡಿಯಾಗಿ ನಡೆದದ್ದೂ ಲೆಕ್ಕಕ್ಕೆ ಬರುತ್ತದೆ. ಮಧ್ಯಮ ಅಂದರೆ ಎಷ್ಟು? ಪಕ್ಕದವರ ಜತೆ ಮಾತಾಡುತ್ತ ನಡೆಯಲು ಆಗಬೇಕು, ಬೀಸುಕಲ್ಲಿನ ಪದ ಹಾಡಲು ಉಸಿರು ಸಾಲಬಾರದು.

ಮೊಮ್ಮಗನನ್ನು ಸಾಲಿಗೆ ಬಿಟ್ಟು ಬರುವಾಗ ನೇರ ದಾರಿ ಬಿಟ್ಟು ಸುತ್ತಿನ ಓಣಿ ಹಿಡಿಯಿರಿ. ಎಲ್‌ಬಿಎಸ್ ಮಾರ್ಕೆಟ್ಟಿಗೆ ಕಾಯಿಪಲ್ಲೆ ತರಲು ಹೋಗುವುದಿದ್ದರೆ, ಖಾಲಿ ಚೀಲ ಹಿಡಿದು ನಡೆದು ಹೋಗಿ, ತುಂಬಿದ ಚೀಲದ ಜತೆ ಆಟೋದಲ್ಲಿ ಬನ್ನಿ. ಬಹಳ ಮಂದಿ ಉಲ್ಟಾ ಮಾಡುತ್ತಾರೆ. ಐದಾರು ಕಿಲೋ ಭಾರ ಒಂದೇ ಕೈಗೆ ನೇತಾಡಿಸಿಕೊಂಡು ನಡೆದು ಬಂದು, ವಾಕಿಂಗ್‌ನಿಂದ ಮೊಣಕಾಲು ನೋಯಿತು ಅನ್ನುತ್ತಾರೆ. ಚೀಲದಿಂದ ಇನ್ನೊಂದು ಉಪಯೋಗವಿದೆ. ಕೈಯಲ್ಲಿ ಚೀಲ ಇದ್ದವರನ್ನು ಓಣಿಯವರು ಎಲ್ಲಿಗೆ ಎಂದು ಕೇಳುವುದಿಲ್ಲ, ಕೇಳಿದರೂ ‘ಮಾರ್ಕೆಟ್ಟಿಗೆ’ ಅಂದರಾಯಿತು. ಸಂಕೋಚ ಹೋಗುವವರೆಗೆ ಚೀಲ ಹಿಡಿಯಿರಿ. ಆಮೇಲೆ ಕೇಳಿದವರನ್ನೇ ‘ಬರ್ರಿ, ಹೋಗೂಣು’ ಅಂತ ಕರೆಯಿರಿ.

ನಿಮಗೆ ಎಲ್ಲಕ್ಕಿಂತ ಲಾಭದ್ದು ಊಟವಾದ ಮೇಲಿನ ನಡಿಗೆ. ಉಂಡ ಮೇಲೆ ಸಕ್ಕರೆ ರಕ್ತಕ್ಕೆ ಏರುವ ಹೊತ್ತಿಗೆ ಕಾಲಿನ ಸ್ನಾಯುಗಳು ಕೆಲಸದಲ್ಲಿದ್ದರೆ ಅದನ್ನು ಎಳೆದುಕೊಂಡು ಬಳಸುತ್ತವೆ. ರಾತ್ರಿ ಊಟವಾಗಿ ಸ್ವಲ್ಪ ಹೊತ್ತಿನ ಮೇಲೆ, ಯಜಮಾನರನ್ನೋ ಸೊಸೆಯನ್ನೋ ಕರೆದುಕೊಂಡು ದೀಪದ ಬೆಳಕಿರುವ ರಸ್ತೆಯಲ್ಲಿ 10–15 ನಿಮಿಷ ಅಡ್ಡಾಡಿ. ದಿನಕ್ಕೆ ಒಂದೇ ಹೊತ್ತು ಸಿಗುವುದಾದರೆ ಇದನ್ನೇ ಇಟ್ಟುಕೊಳ್ಳಿ.

ನಮ್ಮೂರ ಬಿಸಿಲು ಗೊತ್ತೇ ಇದೆ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ಮುಟ್ಟುವಾಗ ಬೆಳಗ್ಗೆ ಎಂಟರೊಳಗೆ, ಇಲ್ಲವೇ ಹೊತ್ತು ಮುಳುಗಿದ ಮೇಲೆ ಮಾತ್ರ ಹೊರಡಿ. ರವಿವಾರ ಮನೆಮಂದಿ ಗೋಳಗುಮ್ಮಟಕ್ಕೆ ಹೋದರೆ ತೋಟದ ಸಮತಟ್ಟು ದಾರಿಯಲ್ಲಿ ನೀವು ಆರಾಮಾಗಿ ಸುತ್ತಬಹುದು. ಪಿಸುಗುಟ್ಟುವ ಗ್ಯಾಲರಿಗೆ ಮಾತ್ರ ಸದ್ಯ ಬೇಡ. ಏಳಂತಸ್ತಿನ ಮಿನಾರಿನ ಇಕ್ಕಟ್ಟಾದ ಮೆಟ್ಟಿಲು ಹತ್ತುವುದಕ್ಕಿಂತ ಇಳಿಯುವಾಗ ಮೊಣಕಾಲು ಹೆಚ್ಚು ನೋಯುತ್ತವೆ.

ಸವೆದ ಹವಾಯಿ ಚಪ್ಪಲಿಯಲ್ಲಿ ನಡೆಯಬೇಡಿ. ಹಿಮ್ಮಡಿಗೆ ಪಟ್ಟಿ ಇರುವುದನ್ನು ಕೊಳ್ಳಿ. ಶುಗರ್ ಇದ್ದವರಿಗೆ ಕಾಲಿನ ಸ್ಪರ್ಶ ಮಂದವಾಗಿರಬಹುದು, ಆದ್ದರಿಂದ ಮಲಗುವ ಮುನ್ನ ಅಂಗಾಲು, ಬೆರಳ ಸಂದು ನೋಡಿಕೊಳ್ಳಿ. ಗ್ಲಿಮೆಪಿರೈಡ್‌ನಂಥ ಗುಳಿಗೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಬರಿಹೊಟ್ಟೆಯಲ್ಲಿ ಹೋಗಬಾರದು. ಸೆರಗಿನ ತುದಿಗೆ ಮೂರು ಚಮಚೆ ಸಕ್ಕರೆಯ ಪುಡಿಕೆ ಕಟ್ಟಿಕೊಳ್ಳಿ. ಕೈ ನಡುಗಿ, ಬೆವತು, ಕಣ್ಣು ಮಂಜಾದರೆ ರಕ್ತದ ಸಕ್ಕರೆ ತೀರಾ ಇಳಿದಿರಬಹುದು, ಅಲ್ಲೇ ಕೂತು ಅದನ್ನು ಬಾಯಿಗೆ ಹಾಕಿಕೊಳ್ಳಿ.

ಪ್ರಶ್ನೆ: ನಾವು ಇಂಡಿ ಕಡೆಯವರು, ನಿಂಬಿ ತೋಟ ಐತಿ. ಅಪ್ಪಾಗ 76 ವರ್ಷ. ಹೋದ ವರ್ಷ ಬದುವಿನ ಮ್ಯಾಲಿಂದ ಜಾರಿ ಬಿದ್ದಾಗಿನಿಂದ ನಾವು ತೋಟಕ್ಕ ಬಿಡವಲ್ಲೆವು. ಈಗ ಕಟ್ಟಿ ಮ್ಯಾಲೆ ಕೂತಾವ ಏಳೂದಿಲ್ಲ.

ಉತ್ತರ: ನಿಮ್ಮ ಕಾಳಜಿ ಅರ್ಥವಾಗುತ್ತದೆ. ಆದರೆ ಕೂರಿಸಿದಷ್ಟೂ ಕಾಲಿನ ಬಲ ಹೋಗಿ ಮತ್ತೆ ಬೀಳುವ ಭಯ ಹೆಚ್ಚುತ್ತದೆ. ಮೊದಲು ಕಣ್ಣಿನ ಪೊರೆ ತೋರಿಸಿ. ಬಿಪಿ ಗುಳಿಗೆಯಿಂದ ಎದ್ದ ಕೂಡಲೇ ತಲೆ ತಿರುಗುತ್ತದೆಯೋ ಎಂದು ವೈದ್ಯರಿಗೆ ಕೇಳಿ. ಕೂತ ಕಟ್ಟೆಯೇ ಅವರ ವ್ಯಾಯಾಮಶಾಲೆ ಆಗಲಿ: ಕೈ ಊರದೆ ಎದ್ದು ಕೂರುವುದು, ಐದು ಸಲದಿಂದ ಶುರುಮಾಡಿ. ಗೋಡೆ ಹಿಡಿದು ಒಂಟಿಗಾಲಲ್ಲಿ ನಿಲ್ಲುವುದು ಇನ್ನೊಂದು. ಇಂಥ ಸಮತೋಲನದ ಅಭ್ಯಾಸ ವಾರಕ್ಕೆ ಮೂರು ದಿನವಾದರೂ ಬೇಕು, ಯಾರಾದರೂ ಪಕ್ಕದಲ್ಲಿರಿ. ಬಡಿಗೆ ಹಿಡಿಯುವುದಾದರೆ ಬಲಹೀನ ಕಾಲಿನ ಎದುರು ಬದಿಯ ಕೈಯಲ್ಲಿ. ಕೈ ಇಳಿಬಿಟ್ಟಾಗ ಅದರ ಹಿಡಿ ಮಣಿಕಟ್ಟಿನ ಗೆರೆಗೆ ಸಮ ಇರಲಿ.

ಆಮೇಲೆ ತೋಟಕ್ಕೆ ಕರೆದೊಯ್ಯಿರಿ. ಬದುವಿನ ಮೇಲೆ ಬೇಡ, ಗಾಡಿದಾರಿಯಲ್ಲಿ. ಗಾಡಿ ನಿಲ್ಲಿಸಿ ಅಲ್ಲಿಂದ ಮೊದಲ ಸಾಲಿನ ಗಿಡದವರೆಗೆ ನಡೆದರೆ ಮೊದಲ ವಾರಕ್ಕೆ ಸಾಕು. ಕಾಯಿ ಎಷ್ಟು ಕೂತಾವ ಅಂತ ಅವರನ್ನೇ ಕೇಳಿ. ಗಿಡದಿಂದ ಗಿಡಕ್ಕೆ ಅವರೇ ಹೋಗುತ್ತಾರೆ. ಎದೆ ಬಿಗಿತ, ವಿಪರೀತ ಏದುಸಿರು, ತಲೆಸುತ್ತು ಕಂಡರೆ ಮಾತ್ರ ಕೂಡಲೇ ನಿಲ್ಲಿಸಿ ದವಾಖಾನೆಗೆ ಬನ್ನಿ.